ಮಾವನವರು ಹತ್ತದ ವಿಮಾನ

ಕೊಂಢವಾ, ಪುಣೆ
೧೯ ಜುಲೈ ೨೦೨೬, ಭಾನುವಾರ

ಪ್ರೀತಿಯ ಶಿವಕಾಂತಕ್ಕನವರಿಗೆ,

ರೇಣುವಿನ ಶರಣಾರ್ಥಿ. ನಿಮ್ಮ ಮೊಣಕಾಲು ಈಗ ಹೇಗಿದೆ? ಮೆಟ್ಟಿಲು ಹತ್ತುವಾಗ ಹಿಡಿದುಕೊಳ್ಳುತ್ತದೆ ಎಂದಿದ್ದಿರಿ. ಎಣ್ಣೆ ತಿಕ್ಕಿಸಿಕೊಳ್ಳುವುದನ್ನು ಬಿಟ್ಟಿಲ್ಲ ತಾನೆ? ನಿಮ್ಮ ಮನೆಯವರ ಸಕ್ಕರೆ ಹತೋಟಿಯಲ್ಲಿದೆಯೇ? ಚಿನ್ನು ಹೊಸ ಕಾಲೇಜಿಗೆ ಹೊಂದಿಕೊಂಡಳೇ? ಇಲ್ಲಿ ನಾವೆಲ್ಲ ಆರೋಗ್ಯ. ಮಳೆ ಜಡಿ ಹಿಡಿದಿದೆ, ಗ್ಯಾಲರಿಯಲ್ಲಿ ಹಾಕಿದ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. ನಮ್ಮ ಶಿವಾನಿಗೆ ಹತ್ತನೆಯ ತರಗತಿಯಾದ್ದರಿಂದ ಬೆಳಗಾಗುವ ಮೊದಲೇ ಕ್ಲಾಸಿಗೆ ಓಡುತ್ತಾಳೆ. ಮಾವನವರು ಚೆನ್ನಾಗಿದ್ದಾರೆ. ನಿಮಗೆ ಮೊದಲು ಬೇಕಾದ ಸುದ್ದಿ ಅದೇ ಎಂದು ಗೊತ್ತು, ಅದಕ್ಕೇ ಮೊದಲು ಬರೆದೆ. ಬಿ.ಪಿ. ಸರಿಯಾಗಿದೆ, ಊಟ ಸರಿಯಾಗಿದೆ, ನಿದ್ದೆಯಂತೂ ಮೊದಲಿಗಿಂತ ಚೆನ್ನಾಗಿದೆ.

ಫೋನು ಕೈಯಲ್ಲೇ ಇರುವಾಗ ಕಾಗದ ಏಕೆ ಎಂದು ನಿಮಗೆ ಅನ್ನಿಸುತ್ತದೆ. ಮಾವನವರ ವಿಮಾನ ತಪ್ಪಿದ ದಿನ ಫೋನಿನಲ್ಲಿ ನೀವು ಅತ್ತಿರಿ, ನಾನೂ ಅತ್ತೆ, ಮಾತು ಅಲ್ಲಿಗೇ ನಿಂತಿತು. ಆಮೇಲೆ ನಿಮ್ಮ ತಮ್ಮ ಮಾಡಿದ ಕರೆಗಳನ್ನು ನೀವು ಎತ್ತಲಿಲ್ಲ. ನಮ್ಮ ಮನೆಯಾದರೂ ಎಷ್ಟಿದೆ, ಅಡುಗೆಮನೆಯಲ್ಲಿ ಪಿಸುಗುಟ್ಟಿದರೂ ಹಾಲಿನಲ್ಲಿ ಕೇಳುತ್ತದೆ. ಈ ವಿಷಯವನ್ನು ನಡುವೆ ಯಾರೂ ಬಾಯಿ ಹಾಕದಂತೆ ಮೊದಲಿನಿಂದ ಕೊನೆಯವರೆಗೆ ನಿಮಗೆ ಹೇಳಬೇಕಾಗಿದೆ. ಕಾಗದವಾದರೆ ನೀವು ಅರ್ಧಕ್ಕೆ ಸಿಟ್ಟು ಮಾಡಿಕೊಂಡು ಮಡಿಚಿಟ್ಟರೂ ಸಂಜೆ ಮತ್ತೆ ತೆಗೆದು ಓದುತ್ತೀರಿ. ನಿಮ್ಮ ಸ್ವಭಾವ ನನಗೆ ಗೊತ್ತಿಲ್ಲವೇ.

ಅಂದು ಸೋಮವಾರ ನಿಮ್ಮ ತಮ್ಮ ಟ್ಯಾಕ್ಸಿ ಮಾಡಿಕೊಂಡು ಮಾವನವರನ್ನು ಜೈಪುರಕ್ಕೆ, ನಿಮ್ಮಲ್ಲಿಗೆ ಕಳಿಸಲು ಲೋಹಗಾಂವದ ವಿಮಾನ ನಿಲ್ದಾಣಕ್ಕೆ ಕರೆದೊಯ್ದರು. ನಾನು ರೊಟ್ಟಿ, ಶೇಂಗಾ ಹಿಂಡಿ, ನಿಮಗೆಂದು ಸಿಹಿ ಮಾದಲಿ ಎಲ್ಲ ಕಟ್ಟಿಕೊಟ್ಟಿದ್ದೆ. ಹಿಂದಿನ ರಾತ್ರಿಯೇ ಇವರು ತಮ್ಮ ಫೋನಿನಲ್ಲಿ ಚೆಕ್-ಇನ್ ಮುಗಿಸಿ, ಬೋರ್ಡಿಂಗ್ ಪಾಸನ್ನು ಮಾವನವರ ನಂಬರಿಗೆ ಕಳಿಸಿದ್ದರು. "ಅಪ್ಪಾ, ಪಾಸ್ ಕಳಿಸೀನಿ, ಅಲ್ಲಿ ತೋರಿಸಿದರ ಸಾಕು" ಎಂದರು. ಮಾವನವರು "ಹೂಂ" ಎಂದರು. ಅವರ ಬಳಿ ಇರುವುದು ಅದೇ ಗುಂಡಿ ಒತ್ತುವ ಫೋನು. ಅದರಲ್ಲಿ ಬಂದದ್ದು ಇಂಗ್ಲಿಷಿನ ಒಂದು ಉದ್ದನೆಯ ಸಾಲು. ಅದನ್ನು ಒತ್ತಿದರೆ ಏನೂ ತೆರೆಯುವುದಿಲ್ಲ. ಇದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ ನೋಡಿ. ಇಷ್ಟು ವರ್ಷ ವಿಮಾನದವರು ಕೌಂಟರಿನಲ್ಲಿ ಚೀಟಿ ಹರಿದು ಕೊಡುತ್ತಿದ್ದರು, ಈಗಲೂ ಕೊಡುತ್ತಾರೆ ಎಂದುಕೊಂಡಿದ್ದೆವು. ಈ ಕಂಪನಿಯವರು ಕಾಗದದ ಪಾಸನ್ನೇ ನಿಲ್ಲಿಸಿಬಿಟ್ಟಿದ್ದರಂತೆ, ಎಲ್ಲವೂ ಮೊಬೈಲಿನಲ್ಲೇ. ಟಿಕೆಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದೂ ಇತ್ತಂತೆ. ನಿಮ್ಮ ತಮ್ಮನಿಗೆ ಆಫೀಸಿನಲ್ಲಿ ಮೀಟಿಂಗು. ವಿಮಾನ ನಿಲ್ದಾಣ ಊರಿನ ಒಂದು ತುದಿ, ಆಫೀಸಿರುವ ಹಿಂಜವಾಡಿ ಇನ್ನೊಂದು ತುದಿ. ಬಾಗಿಲಿನ ಪೊಲೀಸನು ಟಿಕೆಟ್ಟು, ಆಧಾರ್ ನೋಡಿ ಮಾವನವರನ್ನು ಒಳಗೆ ಬಿಟ್ಟದ್ದನ್ನು ಗಾಜಿನಾಚೆಯಿಂದ ನೋಡಿ ಇವರು ಅದೇ ಟ್ಯಾಕ್ಸಿಯಲ್ಲಿ ಹೊರಟರು.

ಮಧ್ಯಾಹ್ನ ಮಾವನವರ ಫೋನು ಬಂತು. ಅವರು ಹೇಳಿದ ಮಾತು ಇಷ್ಟೇ: "ರೇಣು, ನನ್ನ ಫೋನಿನ್ಯಾಗ ಆ ಪಾಸ್ ಬರಂಗಿಲ್ಲಂತವಾ. ವಿಮಾನ ಹೋತು." ನಾನು ಇದ್ದ ಹಾಗೆಯೇ ರಿಕ್ಷಾ ಹಿಡಿದು ಹೋದೆ. ಎಪ್ಪತ್ತಾರರ ಮುದುಕ, ಅಷ್ಟು ದೊಡ್ಡ ಜಾಗದಲ್ಲಿ ಒಬ್ಬರೇ, ಏನು ಗಾಬರಿಯಾಗಿದೆಯೋ ಎಂದು ದಾರಿಯುದ್ದಕ್ಕೂ ಬಸವಣ್ಣನನ್ನು ನೆನೆದೆ. ಹೋಗಿ ನೋಡಿದರೆ ಹೊರಗಿನ ಬೆಂಚಿನ ಮೇಲೆ ಚೀಲ ಪಕ್ಕದಲ್ಲಿಟ್ಟುಕೊಂಡು, ಪೇಟ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ಬಂದು ಹೋಗುವ ಕಾರುಗಳನ್ನು ನೋಡುತ್ತ ಕುಳಿತಿದ್ದರು. ಡಬ್ಬಿಯಲ್ಲಿದ್ದ ರೊಟ್ಟಿ ಎರಡೂ ಖಾಲಿ. "ಹಸಿವ್ಯಾಗಿತ್ತು" ಎಂದರು. ನಿಮ್ಮ ಮಾದಲಿಯನ್ನು ಮುಟ್ಟಿರಲಿಲ್ಲ, ಅಷ್ಟು ಹೇಳಬೇಕು. ದಣಿದಿದ್ದಾರೆ ಎಂದು ರಿಕ್ಷಾದಲ್ಲಿ ಬರುವಾಗ ನಾನು ಏನನ್ನೂ ವಿಚಾರಿಸಲಿಲ್ಲ. ಮನೆಗೆ ಬಂದವರೇ ಕೈಕಾಲು ತೊಳೆದು ಮಲಗಿದರು, ಸಂಜೆಯವರೆಗೆ ಎಚ್ಚರವಿಲ್ಲದ ನಿದ್ದೆ. ಅಷ್ಟು ಹೊತ್ತಿಗೆ ಜೈಪುರದ ವಿಮಾನ ನಿಲ್ದಾಣದಲ್ಲಿ ನೀವು ಬಂದವರ ಮುಖವನ್ನೆಲ್ಲ ನೋಡುತ್ತ ನಿಂತಿದ್ದಿರಿ. ನಾನು ನಿಮಗೆ ಮೊದಲೇ ತಿಳಿಸಬೇಕಿತ್ತು. ರಿಕ್ಷಾ ಹುಡುಕುವ ಗಡಿಬಿಡಿಯಲ್ಲಿ ಮರೆತೆ. "ಅಪ್ಪನ್ನ ಒಂದು ವಿಮಾನ ಹತ್ತಸಲಿಕ್ಕೂ ಆಗಲಿಲ್ಲೇನು ನಿಮಗ" ಎಂದು ನೀವು ಅಂದದ್ದು ಸರಿಯಾಗಿಯೇ ಇತ್ತು.

ನಿಮ್ಮ ತಮ್ಮನ ಸಿಟ್ಟನ್ನು ನಾನು ವರ್ಣಿಸಬೇಕಾಗಿಲ್ಲ, ನೀವೇ ಎತ್ತಿ ಆಡಿಸಿದವರು. ಅಂದೇ ರಾತ್ರಿ ಆ ಕಂಪನಿಗೆ ದೂರು ಬರೆದರು. ತಮ್ಮ ತಂದೆಯನ್ನು ಸಹಾಯ ಕೌಂಟರಿನವರು ಕಣ್ಣೆತ್ತಿಯೂ ನೋಡಲಿಲ್ಲ, ವಿಮಾನ ಹೋಗುವವರೆಗೆ ಕೂರಿಸಿ ಹೊರಗೆ ಕಳಿಸಿದರು ಎಂದು ಬರೆದರು. ಹಾಗೆಂದು ಮಾವನವರು ಹೇಳಿದ್ದರೇ? ಇಲ್ಲ. ಪಾಸು ಬರುವುದಿಲ್ಲ ಎಂದದ್ದು ಒಂದು ಮಾತು, ವಿಮಾನ ಹೋಯಿತು ಎಂದದ್ದು ಇನ್ನೊಂದು. ಎರಡೂ ನಿಜವೇ. ನಡುವಿನದನ್ನು ನಾವೇ ಸೇರಿಸಿಕೊಂಡೆವು. ನಮ್ಮ ಕಟ್ಟಡದ ವಾಟ್ಸಪ್ ಗುಂಪಿನಲ್ಲಿ ಇವರು ಹಾಕಿದ್ದೇ ತಡ, ಎಲ್ಲರಿಗೂ ತಮ್ಮ ತಮ್ಮ ತಂದೆತಾಯಿಯ ಕಥೆಗಳು ನೆನಪಾದವು. ಒಂದು ಮರಾಠಿ ಸಂಜೆಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು. ಎರಡನೆಯ ಮಹಡಿಯ ಮೋಹನದಾಸ್ ನಮ್ಮ ಹಿರಿಯ ನಾಗರಿಕರ ಮಂಡಳಿಯ ಅಧ್ಯಕ್ಷರು. ಅವರ ಹೆಂಡತಿಗೆ ಕಣ್ಣು ಮಂಜು, ಫೋನಿನ ಪರದೆ ಕಾಣುವುದಿಲ್ಲ. ಅವರ ಸಿಟ್ಟು ನಿಜವಾದ ಸಿಟ್ಟು, ಅದನ್ನು ನಾನು ಹಗುರ ಮಾಡುವುದಿಲ್ಲ. ಅವರು ಬಂದು ಮಾವನವರ ಕೈ ಹಿಡಿದು, "ಶಿವಪುತ್ರಪ್ಪನವರೇ, ನಮ್ಮ ಸಭೆಯಲ್ಲಿ ನೀವು ಎದ್ದು ನಿಂತು ಎರಡು ಮಾತು ಹೇಳಬೇಕು, ನೀವು ಹೇಳಿದರೆ ತೂಕ" ಎಂದರು. ಮಾವನವರು ಚಹಾ ಕುಡಿಯಿರಿ ಎಂದು ಬಟ್ಟಲು ಮುಂದೆ ಸರಿಸಿದರು.

ದಿನ ಹೋದಂತೆ ಅವರು ಮೌನವಾಗುತ್ತ ಬಂದರು. ಅವಮಾನವಾಗಿದೆ, ಮನಸ್ಸಿಗೆ ಹಚ್ಚಿಕೊಂಡಿದ್ದಾರೆ ಎಂದುಕೊಂಡೆವು. ಬೆಳಗಿನ ತಿಂಡಿಯಾದ ಮೇಲೆ ಅವರು ಅವ್ವಣ್ಣನ ಹಿಟ್ಟಿನ ಗಿರಣಿಗೆ ಹೋಗುವ ರೂಢಿ ನಿಮಗೆ ಗೊತ್ತಿರಲಾರದು. ನಮ್ಮ ಓಣಿಯ ಮೂಲೆಯಲ್ಲೇ ಇದೆ. ಅವ್ವಣ್ಣ ಆಳಂದದ ಕಡೆಯವನು. ಜೋಳ ಬೀಸಿಸಲು ಬರುವವರೆಲ್ಲ ನಮ್ಮ ಕಡೆಯವರು, ಹೆಚ್ಚಿನವರು ಕಟ್ಟಡದ ಕೆಲಸದ ಹೆಣ್ಣುಮಕ್ಕಳು. ಮಾವನವರು ಅಲ್ಲಿ ಒಂದು ಸ್ಟೂಲಿನ ಮೇಲೆ ಕೂತು, ಯಾರ ಡಬ್ಬಿ ಯಾರ ಮುಂದೆ ಎಂದು ನೋಡಿಕೊಳ್ಳುತ್ತಾರೆ, ಜಗಳ ಬಂದರೆ ಬಿಡಿಸುತ್ತಾರೆ, ಊರಿನ ಮಳೆ ಬೆಳೆ ಕೇಳುತ್ತಾರೆ. ಊಟದ ಹೊತ್ತಿಗೆ ಮೀಸೆಯ ಮೇಲೆ ಹಿಟ್ಟು ಹೊತ್ತುಕೊಂಡು ಬರುತ್ತಾರೆ. ಆ ವಾರ ಅಲ್ಲಿಗೂ ಹೋಗಲಿಲ್ಲ. ಏಕೆಂದು ಕೇಳಿದ್ದಕ್ಕೆ, "ಅಲ್ಲೂ ಅದನ್ನ ಕೇಳ್ತಾರ. ಅವ್ವಣ್ಣ ಆ ಕಂಪನಿಗಿ ಬೆಂಕಿ ಹಚ್ಚತೀನಂತಾನ" ಎಂದರು.

ಮರುವಾರದ ಬುಧವಾರ ನನ್ನ ಫೋನಿಗೆ ಆ ಕಂಪನಿಯಿಂದ ಕರೆ ಬಂತು. ಇವರು ಮೀಟಿಂಗಿನಲ್ಲಿ ಫೋನು ಎತ್ತುವುದಿಲ್ಲವೆಂದು ಟಿಕೆಟಿನಲ್ಲಿ ನನ್ನ ನಂಬರನ್ನೂ ಕೊಟ್ಟಿದ್ದರು. ಮಾತಾಡಿದವನು ಮರಾಠಿಯಲ್ಲಿ ಮರ್ಯಾದೆಯಿಂದಲೇ ಮಾತಾಡಿದ. ನಿಮ್ಮ ದೂರಿನ ವಿಚಾರಣೆ ನಡೆದಿದೆ, ಆ ದಿನ ಸಹಾಯ ಕೌಂಟರಿನಲ್ಲಿದ್ದ ವರದಾ ಎಂಬ ಹುಡುಗಿಯನ್ನು ಕೆಲಸದಿಂದ ದೂರ ಇಟ್ಟಿದ್ದೇವೆ, ಅವಳು ಬೇರೆಯೇ ಹೇಳುತ್ತಿದ್ದಾಳೆ, ಸಹಾಯ ಮಾಡಲಿಲ್ಲವೆಂದು ನಿಮ್ಮ ಮಾವನವರು ಒಂದು ಸಲ ಸ್ವತಃ ಹೇಳಿದರೆ ಮುಂದಿನ ಕ್ರಮ ತೆಗೆದುಕೊಳ್ಳುತ್ತೇವೆ ಎಂದ. ಸರಿ, ಕೇಳಿ ಹೇಳುತ್ತೇನೆ ಎಂದು ಇಟ್ಟೆ. ಮಾವನವರು ಗ್ಯಾಲರಿಯಲ್ಲಿ ಚವಳಿಕಾಯಿ ಸೋಸುತ್ತಿದ್ದರು. ನಾನು ಹೇಳುತ್ತ ಹೋದೆ, ಅವರು ಕಾಯಿಯ ತುದಿ ಮುರಿಯುತ್ತ ಹೋದರು. ಹುಡುಗಿಯನ್ನು ಕೆಲಸದಿಂದ ದೂರ ಇಟ್ಟ ಮಾತಿಗೆ ಬಂದಾಗ ಅವರ ಕೈ ನಿಂತಿತು.

"ಆಕೀ ಹೆಸರು ಏನಂದ್ರು?" ಎಂದರು.

"ವರದಾ ಅಂತರಿ."

"ಆಕೀದೇನೂ ತಪ್ಪಿಲ್ಲವಾ, ರೇಣು. ಆಕಿ ಎಲ್ಲಾ ಮಾಡಿಕೊಟ್ಟಿದ್ಲು."

ಅಕ್ಕಾ, ಇನ್ನು ಮುಂದಿನದನ್ನು ಮಾವನವರು ಹೇಳಿದಂತೆಯೇ ಬರೆಯುತ್ತೇನೆ. ನನ್ನ ಮಾತು ಏನೂ ಸೇರಿಸಿಲ್ಲ. ಒಳಗೆ ಹೋದ ಮೇಲೆ ಅವರು ಸಾಲಿನಲ್ಲಿ ನಿಂತರು. ಕೌಂಟರಿನವನು ಪಾಸು ತೋರಿಸಿ ಎಂದ. ಮಾವನವರು ತಮ್ಮ ಫೋನು ತೋರಿಸಿದರು. ಅವನು ನಕ್ಕು, ಕಾಗದ ಕೊಡುವುದಿಲ್ಲ ಅಜ್ಜಾ, ಅಲ್ಲಿ ಸಹಾಯ ಕೌಂಟರ್ ಇದೆ, ಅಲ್ಲಿಗೆ ಹೋಗಿ ಎಂದು ಕೈ ತೋರಿಸಿದ. ಅಲ್ಲಿ ಒಬ್ಬಳೇ ಹುಡುಗಿ, ಅವಳ ಮುಂದೆ ಒಂದು ಗುಂಪು. ಒಬ್ಬನ ಫೋನಿನ ಚಾರ್ಜು ಮುಗಿದಿತ್ತು, ಚಾರ್ಜರಿಗಾಗಿ ಓಡಾಡುತ್ತಿದ್ದ. ಒಬ್ಬ ಹೆಂಗಸಿನ ಪಾಸು ಅವಳ ಗಂಡನ ಫೋನಿನಲ್ಲಿತ್ತು, ಗಂಡ ಆಗಲೇ ತಪಾಸಣೆ ದಾಟಿ ಒಳಗೆ ಹೋಗಿದ್ದ, ಅವಳು ಕೂಸನ್ನು ಎತ್ತಿಕೊಂಡು ಅಳುತ್ತಿದ್ದಳು. "ನನ್ನಂಥಾವರು ಭಾಳ ಮಂದಿ ಇದ್ರವಾ" ಎಂದರು ಮಾವನವರು. ವರದಾ ಒಬ್ಬೊಬ್ಬರದನ್ನೇ ಮುಗಿಸಿ, ಮಾವನವರ ಆಧಾರ್ ಇಸಿದುಕೊಂಡು, ತನ್ನ ಕೈಯಲ್ಲಿದ್ದ ಕಂಪನಿಯ ಫೋನಿನಲ್ಲೇ ಪಾಸು ತೆಗೆದಳು. ನಾನೇ ಜೊತೆಗೆ ಬಂದು ಎಲ್ಲ ಕಡೆ ತೋರಿಸಿ ವಿಮಾನದ ಬಾಗಿಲಿನವರೆಗೆ ಬಿಟ್ಟು ಬರುತ್ತೇನೆ, ನಡೆಯಲು ಆಗದಿದ್ದರೆ ಗಾಲಿಕುರ್ಚಿ ತರಿಸುತ್ತೇನೆ, ಏಳಿ ಎಂದಳು.

ಮಾವನವರು ಏಳಲಿಲ್ಲ. ಕಾಲಿಗೆ ಏನಾದರೂ ಆಯಿತೇ ಎಂದು ಅವಳು ಕೇಳಿದಳು. ಇಲ್ಲ ಎಂದರು. ನೀರು ಬೇಕೇ? ಬೇಡ. ಅವಳು ಪಕ್ಕದ ಕುರ್ಚಿಯಲ್ಲಿ ಕುಳಿತು ಅವರ ಮುಖ ನೋಡಿದಳು. "ಆಜೋಬಾ, ತುಮ್ಹಾಲಾ ಜಾಯಚಂಯ್ ಕಾ?" ಎಂದಳು. ಅಜ್ಜಾ, ನಿಮಗೆ ಹೋಗಬೇಕೆಂದು ಇದೆಯೇ ಎಂದು.

"ಹೋ, ಹೌದು ಅನ್ನಬೇಕಂತ ಬಾಯಿ ತಗದೆ, ನಾಹೀ, ಇಲ್ಲ ಅಂತ ಬಂತು" ಎಂದರು ಮಾವನವರು. "ನನಗ ಗೊತ್ತಿದ್ದಿಲ್ಲವಾ ಅದು ಬಾಯಾಗ ಕೂತಿತ್ತಂತ. ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ ಅಂತ ನೀವು ಮಾತಾಡಿಕೊಂಡ್ರಿ. ತಪ್ಪು ಅಂತ ಅನ್ನಂಗಿಲ್ಲ. ಮಕ್ಕಳು ಇಬ್ರೂ ನನಗ ಬಾ ಅಂತೀರಿ, ಅದೂ ದೊಡ್ಡ ಮಾತ ಅದ. ಆದ್ರ ಯಾವ ತಾರೀಖಿಗಿ ಹೋಗ್ತಿ ಅಂತ ಕೇಳಿದ್ರಿ, ಎಷ್ಟು ಅಂಗಿ ಇಡಬೇಕು ಅಂತ ಕೇಳಿದ್ರಿ, ಗುಳಿಗಿ ಎಷ್ಟು ಅಂತ ಕೇಳಿದ್ರಿ. ಹೋಗ್ತೀಯೇನು ಅಂತ ಆಕಿ ಒಬ್ಬಾಕೀನ ಕೇಳಿದಾಕಿ."

ಆ ಹುಡುಗಿ ನಗಲಿಲ್ಲ, ಬುದ್ಧಿ ಹೇಳಲಿಲ್ಲ. ಮನೆಗೆ ಫೋನು ಮಾಡಲೇ ಎಂದಳು. ನಾನೇ ಮಾಡುತ್ತೇನೆ ಎಂದರು. ಗೇಟು ಮುಚ್ಚುವವರೆಗೆ ಸಮಯವಿದೆ, ಮನಸ್ಸು ಬದಲಾದರೆ ನನಗೆ ಕೈ ಮಾಡಿ ಎಂದು ಹೇಳಿ ಮುಂದಿನವರನ್ನು ನೋಡಲು ಹೋದಳು. ಮಾವನವರು ಕೂತೇ ಇದ್ದರು. ಸ್ಪೀಕರಿನಲ್ಲಿ ಅವರ ಹೆಸರು ಕರೆದರು. "ಶಿವ್‌ಪುತ್ರಾಪಾ, ಶಿವ್‌ಪುತ್ರಾಪಾ ಅಂತ ಒದರಿದ್ರು. ನನ್ನ ಹೆಸರಲ್ಲ ಬಿಡು ಅಂತ ಕೂತೆ" ಎಂದು ಹೇಳುವಾಗ ಮಾವನವರಿಗೆ ನಗು ಬಂತು, ನನಗೂ ಬಂತು. ಆಮೇಲೆ ಇಬ್ಬರಿಗೂ ನಗು ನಿಂತಿತು. ವಿಮಾನ ಹೋದ ಮೇಲೆ ಅವರನ್ನು ಹೊರಗೆ ಬಿಡಿಸಲು ಪೊಲೀಸರಿಗೆ ಹೇಳಿ, ಚೀಲ ಹಿಡಿದುಕೊಂಡು ಬಾಗಿಲಿನವರೆಗೆ ಬಂದವಳೂ ಅವಳೇ.

ನಾನು ಕೇಳಿದೆ, "ನಮಗ ಹೇಳಬಾರದೇನ್ರಿ ಮಾವಾರ? ಇಷ್ಟು ದಿನ ಆತು."

"ಏನಂತ ಹೇಳಲಿ? ಬಸವಲಿಂಗ ಆಗಲೇ ಕಂಪನಿಗಿ ಬರದಿದ್ದ. ಮೋಹನದಾಸ ಬಂದು ಕೈ ಹಿಡದಾ. ಶಿವಕಾಂತಾ ಅತ್ತಳು ಅಂದಿ. ಮಗಳ ಮನೀಗಿ ಹೋಗಲಿಕ್ಕೆ ಮನಸ್ಸಿರಲಿಲ್ಲ ಅಂತ ಯಾವ ಬಾಯಿಲೆ ಹೇಳಲಿ?"

ಅಕ್ಕಾ, ಇಲ್ಲಿ ಸ್ವಲ್ಪ ನಿಲ್ಲಿ. ಈ ಸಾಲನ್ನು ಬರೆಯದೆ ಬಿಟ್ಟುಬಿಡೋಣವೇ ಎಂದು ಬಹಳ ಹೊತ್ತು ಯೋಚಿಸಿದೆ. ಆದರೆ ಬಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ನಿಮ್ಮ ಮನೆಯಲ್ಲಿ ತಮಗೆ ಏನೂ ಕಡಿಮೆಯಾಗಿಲ್ಲ ಎಂದು ಅವರು ಮತ್ತೆ ಮತ್ತೆ ಹೇಳಿದರು. ಹೋದ ಸಲ ನಿಮ್ಮಲ್ಲಿಗೆ ಬಂದಾಗ ನೀವು ಅವರಿಗಾಗಿ ಜೋಳದ ಹಿಟ್ಟು ಹುಡುಕಿಕೊಂಡು ಊರೆಲ್ಲ ಅಲೆದದ್ದನ್ನು ಹೇಳಿದರು, ನಿಮ್ಮ ಮನೆಯವರು ತಾವೇ ನಿಂತು ಸ್ನಾನಕ್ಕೆ ಬಿಸಿನೀರು ತೋಡಿಕೊಟ್ಟದ್ದನ್ನು ಹೇಳಿದರು. "ಆದ್ರ ಅಲ್ಲಿ ಎಲ್ಲಾರೂ ಹೊರಗ ಹೋದಮ್ಯಾಲ ಕೂಡಿ ಮಾತಾಡಲಿಕ್ಕೆ ಒಬ್ಬರಿಲ್ಲವಾ. ನನಗ ಹಿಂದಿ ಬರಂಗಿಲ್ಲ. ಸಂಜೀಕ ಆಕಿ ಬರೂತನಕ ನನ್ನ ದನಿ ನನಗ ಕೇಳಿಸಂಗಿಲ್ಲ. ಇಲ್ಲಿ ಗಿರಣ್ಯಾಗ ಕೂತ್ರ ಹತ್ತು ಮಂದಿ ಮುತ್ಯಾ, ಅಜ್ಜಾ ಅಂತಾರ" ಎಂದರು. ನೋಡಿ, ನಮ್ಮ ಮನೆ ಬಿಡಲು ಮನಸ್ಸಿಲ್ಲ ಎನ್ನಲಿಲ್ಲ. ಮೊಮ್ಮಗಳನ್ನು ಬಿಟ್ಟಿರಲಾರೆ ಎಂದೂ ಅನ್ನಲಿಲ್ಲ. ಅವರಿಗೆ ಬೇಕಾದದ್ದು ಅವ್ವಣ್ಣನ ಗಿರಣಿ. ನಿಮಗೆ ಬೇಸರವಾಗುವುದಾದರೆ ನನಗೂ ಅಷ್ಟೇ ಆಗಬೇಕು ಎಂದು ಇದನ್ನು ಬರೆಯುತ್ತಿದ್ದೇನೆ.

ಇವರಿಗೆ ಫೋನು ಮಾಡಿ ಹೇಳಿಬಿಡೋಣ ಎಂದೆ. ಮಾವನವರು ಬೇಡವೆಂದರು. "ಅವಗ ನಾನೇ ಹೇಳ್ತೀನಿ, ಸಂಜೀಕ. ಮೊದಲ ಆ ಹುಡುಗೀ ಸಲುವಾಗಿ ಹೋಗೂಣು ನಡಿ. ಇವತ್ತ." ಕೈಯಲ್ಲಿದ್ದ ಕಾಯಿಯನ್ನು ಬುಟ್ಟಿಗೆ ಹಾಕಿ, ಧೋತರ ಬದಲಿಸಿ, ಪೇಟ ಸುತ್ತಿಕೊಂಡು ಬಾಗಿಲಲ್ಲಿ ನಿಂತೇಬಿಟ್ಟರು. ಹೊರಗೆ ಮಳೆ ಸುರಿಯುತ್ತಿತ್ತು, ರಿಕ್ಷಾ ಒಂದೂ ನಿಲ್ಲಲಿಲ್ಲ. ಬಸ್ಸಿನಲ್ಲಿ ಸ್ಟೇಷನ್ನಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ವಿಮಾನ ನಿಲ್ದಾಣದ ಹೊರಬದಿಯಲ್ಲಿರುವ ಆ ಕಂಪನಿಯ ಆಫೀಸಿಗೆ ಹೋದೆವು. ದಾರಿಯಲ್ಲಿ ನನಗೆ ಒಂದೇ ಚಿಂತೆ. ಮಕ್ಕಳಿಗೆ ಒಂದು ಇಲ್ಲ ಎನ್ನಲಾರದವರು ಅಲ್ಲಿ ಹೋಗಿ ಸಾಹೇಬರ ಮುಂದೆ ಏನು ಮಾತಾಡಿಯಾರು ಎಂದು.

ಅವರು ಮಾತಾಡಿದರು. ಆಫೀಸು ಎಂದರೆ ಒಂದು ಸಣ್ಣ ಕೋಣೆ, ಎರಡು ಮೇಜು. ನನಗೆ ಫೋನು ಮಾಡಿದವನೇ ಅಲ್ಲಿದ್ದ. ಒದ್ದೆ ಕೊಡೆ ಎಲ್ಲಿಡಬೇಕೆಂದು ನಾನು ನೋಡುತ್ತಿರುವಾಗಲೇ ಮಾವನವರು ಮರಾಠಿಯಲ್ಲಿ ಶುರು ಮಾಡಿದ್ದರು. ಆ ಹುಡುಗಿ ತನ್ನ ಕೆಲಸ ಮಾಡಿದಳು, ಕೆಲಸಕ್ಕಿಂತ ಹೆಚ್ಚು ಮಾಡಿದಳು, ವಿಮಾನ ಹತ್ತದೆ ಕೂತವನು ನಾನು, ಅವಳಿಗೆ ಶಿಕ್ಷೆಯಾದರೆ ಅದು ನನಗೆ ಹತ್ತುತ್ತದೆ ಎಂದರು. ಅವನು ಕೇಳಿ ಬೆರಗಾಗಿ, ಹಾಗಾದರೆ ದೂರು ಏಕೆ ಎಂದ. "ಮಗ ಕೊಟ್ಟಿದ್ದಾನೆ. ಅವನಿಗೆ ತಿಳಿಯದು. ನಾನು ಅವನಿಗೆ ಹೇಳಿಲ್ಲ" ಎಂದರು. ಅವನು, ನೀವು ಹೇಳಿದ್ದನ್ನು ನಾನು ಮೇಲಿನವರಿಗೆ ತಿಳಿಸುತ್ತೇನೆ, ಆದರೆ ದೂರು ಯಾರ ಹೆಸರಿನಲ್ಲಿದೆಯೋ ಅವರೇ ಹಿಂದೆ ತೆಗೆದುಕೊಳ್ಳಬೇಕು ಎಂದ. ಮಾವನವರು ತಲೆಯಾಡಿಸಿದರು. ಆಮೇಲೆ ಇನ್ನೊಂದು ಮಾತು ಹೇಳಿದರು: "ಆದರೆ ಸಾಹೇಬ, ಆ ಕೌಂಟರಿನಲ್ಲಿ ಇನ್ನೂ ಇಬ್ಬರನ್ನು ಇಡಿ. ಅವಳೊಬ್ಬಳೇ ಎಷ್ಟು ಮಂದಿಯನ್ನು ಹತ್ತಿಸಿಯಾಳು? ನಮ್ಮಂಥವರ ಕೈಗೆ ಒಂದು ಕಾಗದ ಕೊಟ್ಟರೆ ನಿಮ್ಮದೇನು ಹೋಗುತ್ತದೆ?" ಅವನು ಬರೆದುಕೊಂಡ. ಬರೆದುಕೊಂಡದ್ದು ಎಲ್ಲಿಗೆ ಹೋಗುತ್ತದೋ ನನಗೆ ಗೊತ್ತಿಲ್ಲ. ವರದಾಳನ್ನು ನೋಡಬಹುದೇ ಎಂದು ಕೇಳಿದೆವು. ಅವಳು ಮನೆಯಲ್ಲಿದ್ದಾಳೆ, ನಂಬರು ಕೊಡುವಂತಿಲ್ಲ ಎಂದ.

ಸಂಜೆ ಇವರು ಬಂದು ಊಟಕ್ಕೆ ಕೂತಾಗ ಮಾವನವರು ಹೇಳಿದರು. ಎಲ್ಲವನ್ನೂ ಹೇಳಿದರು, ಅಂದು ಕೂತದ್ದು, ಇಂದು ಹೋದದ್ದು. ನಿಮ್ಮ ತಮ್ಮ ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲಿ ಇಟ್ಟುಬಿಟ್ಟರು. ಕೂಗಾಡುತ್ತಾರೆ ಎಂದುಕೊಂಡಿದ್ದೆ, ಕೂಗಾಡಲಿಲ್ಲ. ಅದು ಇನ್ನೂ ಕಷ್ಟವಾಯಿತು. "ನನಗ ಹೇಳಬೇಕಿತ್ತಲ್ಲಪ್ಪ" ಎಂದರು.

"ಹೌದು, ಹೇಳಬೇಕಿತ್ತು. ನೀನೂ ಕೇಳಬೇಕಿತ್ತು."

"ನಾಕು ಮಂದೀ ಮುಂದ ನಾ ಏನಂತ ಮುಖ ತೋರಸಲಿ? ಪೇಪರಿನ್ಯಾಗ ಬಂದದ."

"ಪೇಪರ್ ನಾಳಿಗಿ ರದ್ದಿಗಿ ಹೋಗ್ತದ. ಆ ಹುಡುಗೀ ನೌಕರಿ ಹೋದ್ರ ಬರಂಗಿಲ್ಲ" ಎಂದು ಮಾವನವರು ತಮ್ಮ ತಾಟಿನ ಅನ್ನ ಕಲಸತೊಡಗಿದರು. ಇವರು ಎದ್ದು ಕೈ ತೊಳೆದರು. ಶಿವಾನಿ ನನ್ನ ಮುಖ ನೋಡಿದಳು, ನಾನು ಮಜ್ಜಿಗೆ ತರಲು ಒಳಗೆ ಹೋದೆ. ಮರುದಿನ ಬೆಳಿಗ್ಗೆ ತಮ್ಮ ಆಫೀಸಿನ ಬಸ್ಸು ಬರುವ ಮೊದಲು ಇವರು ದೂರು ಹಿಂದೆ ತೆಗೆದುಕೊಂಡರು. ಕಟ್ಟಡದ ಗುಂಪಿನಲ್ಲಿಯೂ ಬರೆದರು, ತಪ್ಪು ತಿಳಿವಳಿಕೆಯಾಗಿತ್ತು, ಆ ಸಿಬ್ಬಂದಿಯದು ದೋಷವಿಲ್ಲ, ಕ್ಷಮೆಯಿರಲಿ ಎಂದು. ಯಾರು ಏನಂದುಕೊಂಡರೋ. ಮೋಹನದಾಸ್ ಮಾತ್ರ ಮೇಲೆ ಬಂದು, ನಿಮ್ಮದು ಹೇಗಾದರೂ ಇರಲಿ, ನನ್ನ ಹೆಂಡತಿಗೆ ಆ ಪರದೆ ಕಾಣುವುದಿಲ್ಲ, ನಾನು ಆ ಸಭೆ ಮಾಡಿಯೇ ಮಾಡುತ್ತೇನೆ ಎಂದರು. ಮಾವನವರು, ಮಾಡಿ, ನಾನೂ ಬರುತ್ತೇನೆ, ಬಂದು ನಡೆದದ್ದನ್ನೇ ಹೇಳುತ್ತೇನೆ ಎಂದರು. ಎರಡು ದಿನದ ಮೇಲೆ ಆ ಆಫೀಸಿನವನು ನನಗೆ ಸಂದೇಶ ಕಳಿಸಿದ, ವರದಾ ಮತ್ತೆ ಕೆಲಸಕ್ಕೆ ಬಂದಿದ್ದಾಳೆ ಎಂದು. ಮಾವನವರಿಗೆ ಓದಿ ಹೇಳಿದೆ. ಇನ್ನೊಮ್ಮೆ ಓದು ಎಂದರು.

ತಂದೆ ಮಗ ನಾಲ್ಕೈದು ದಿನ ಬೇಕಾದಷ್ಟೇ ಮಾತಾಡಿದರು. ಇಂದು ಬೆಳಿಗ್ಗೆ, ರಜೆಯ ದಿನ ಎಂಟಕ್ಕೆ ಮೊದಲು ಏಳದ ನಿಮ್ಮ ತಮ್ಮ ಎದ್ದು, ಜೋಳದ ಡಬ್ಬಿ ಎಲ್ಲಿದೆ ಎಂದು ಕೇಳಿದರು. ತಾವೇ ಹೆಗಲ ಮೇಲೆ ಹೊತ್ತುಕೊಂಡು ಮಾವನವರ ಹಿಂದೆ ಗಿರಣಿಗೆ ಹೋದರು. ಅರ್ಧ ಗಂಟೆಯ ಕೆಲಸ, ಮಧ್ಯಾಹ್ನದ ಊಟಕ್ಕೆ ಬಂದರು. ಅಂಗಿಯೆಲ್ಲ ಹಿಟ್ಟು. ಅಡುಗೆಮನೆಗೆ ಬಂದು ನನ್ನ ಹತ್ತಿರ ನಿಂತು ಮೆಲ್ಲಗೆ, "ಅಲ್ಲಿ ಅಪ್ಪ ಬ್ಯಾರೇನ ಇರ್ತಾನ ರೇಣು. ಭಾಳ ಮಾತಾಡ್ತಾನ. ಯಮನವ್ವ ಅಂತ ಒಬ್ಬ ಹೆಣ್ಣಮಗಳು ಅವಗ ಬೈತಾಳ, ಅವ ನಗತಾನ" ಎಂದರು. ಅಂಗಿ ಕೊಡವಲು ಗ್ಯಾಲರಿಗೆ ಹೋದರು.

ನಡೆದದ್ದು ಇಷ್ಟು. ತಪ್ಪು ಯಾರದು ಎಂದು ನೀವು ಲೆಕ್ಕ ಹಾಕುತ್ತೀರೇನೋ. ನನಗೆ ಆ ಲೆಕ್ಕ ಸರಿಯಾಗಿ ಬರಲಿಲ್ಲ. ಆ ವಿಮಾನದವರ ನಿಯಮವನ್ನು ನಾನು ಒಪ್ಪುವುದಿಲ್ಲ. ಕೂಸನ್ನೆತ್ತಿಕೊಂಡು ಅಳುತ್ತಿದ್ದ ಆ ಹೆಂಗಸಿಗೆ ವಿಮಾನ ಸಿಕ್ಕಿತೋ ಇಲ್ಲವೋ ಎಂದು ಈಗಲೂ ನೆನೆಯುತ್ತೇನೆ. ಆದರೆ ನಮ್ಮ ಮಾವನವರನ್ನು ತಡೆದವರು ಅವರಲ್ಲ. ನೀವು ತಮ್ಮನ ಮೇಲಿನ ಸಿಟ್ಟು ಬಿಡಿ, ಅವರು ನಿಮ್ಮ ಫೋನಿಗಾಗಿ ಕಾಯುತ್ತಿದ್ದಾರೆ, ಹೇಳಿಕೊಳ್ಳುವುದಿಲ್ಲ ಅಷ್ಟೆ. ಮಾವನವರ ಮೇಲಂತೂ ಬೇಸರ ಬೇಡ. ಅವರು ನಿಮ್ಮಿಂದ ದೂರ ಉಳಿಯಲೆಂದು ಅಲ್ಲಿ ಕುಳಿತದ್ದಲ್ಲ ಎಂದು ನಿಮಗೆ ಇಷ್ಟು ಹೊತ್ತಿಗೆ ತಿಳಿದಿರುತ್ತದೆ. ನಿಮ್ಮ ಮಾದಲಿಯನ್ನು ಹೊಸದಾಗಿ ಮಾಡಿ ಈ ಕಾಗದದ ಜೊತೆ ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ. ನಿಮ್ಮ ಮನೆಯವರಿಗೆ ಕಡಿಮೆ ಕೊಡಿ.

ಮನೆಯ ಹಿರಿಯರಿಗೆ ನಮಸ್ಕಾರ, ಚಿನ್ನುವಿಗೆ 'ಅತ್ತಿ' ಕಳಿಸಿದ ಮುದ್ದು, ನಿಮ್ಮ ಮೊಣಕಾಲಿಗೆ ಬೇಗ ವಾಸಿಯಾಗಲಿ ಎಂಬ ಹಾರೈಕೆ.

ನಿಮ್ಮ,
ರೇಣು

ತಾ.ಕ.: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಮಾವನವರು ಬಂದು ಯಾರಿಗೆ ಎಂದು ಕೇಳಿದರು. ಸುಳ್ಳು ಹೇಳಲಾಗಲಿಲ್ಲ. ಎಲ್ಲಾ ಬರದೀಯೇನು ಎಂದರು. ಹೂಂ ಎಂದೆ. "ಹಂಗಾದ್ರ ಇದೂ ಬರಿ. ಬರೂ ತಿಂಗಳ ನಾಗರ ಪಂಚಮಿ ಅದ. ಶಿವಕಾಂತಾನ ಅವ್ವ ಹೋದಮ್ಯಾಲ ಆಕಿನ್ನ ಯಾರೂ ತವರಿಗಿ ಕರದಿಲ್ಲ. ಬಸವಲಿಂಗ ಕರಕೊಂಡು ಬರಲಿಕ್ಕೆ ಹೋಗ್ತಾನ, ಅವಗ ಈಗ ಹೇಳಿ ಬಂದೆ, ಹೂಂ ಅಂದಾನ. ಆದ್ರ ಬಾ ಅಂತ ಬರೀಬ್ಯಾಡ. ಬರಲಿಕ್ಕೆ ಮನಸ್ಸದೇನು ಅಂತ ಕೇಳು" ಎಂದರು. ಕೊರಿಯರಿನವನು ಕೆಳಗೆ ನಿಂತಿದ್ದಾನೆ. ಅಕ್ಕಾ, ಬರಲು ಮನಸ್ಸಿದೆಯೇ?